ಬಂಡೆ ತಟ್ಟಿ ಒಳಗೆ ಕರೆದವರು: ಶ್ರೀ ಮುನಿರಾಮಯ್ಯ

ಭೂಮಿಯ ಒಡಲಿನಿಂದ ಅದಿರನ್ನೋ ಎಣ್ಣೆಯನ್ನೋ ಮೇಲೆ ತರುವ ವಿದ್ಯೆಯಲ್ಲಿ ನಾಡು ಕಂಡ ಮುಂದಾಳುಗಳು ಹಲವರು. ಕೆಲವರು ದೊಡ್ಡ ಗಣಿಗಳನ್ನು ತೆರೆದು ಹೆಸರಾದರು, ಕೆಲವರು ಲೋಹ ಕರಗಿಸುವ ಕುಲುಮೆಗಳನ್ನು ಕಟ್ಟಿ ಬೆಳಗಿಸಿದರು, ಇನ್ನು ಕೆಲವರು ಕಡಲ ನಡುವೆ ತೈಲಬಾವಿ ಕೊರೆದು ಬಿರುದು ಸಂಪಾದಿಸಿದರು. ಈ ಸಾಲಿನಲ್ಲಿ ಶ್ರೀ ಮುನಿರಾಮಯ್ಯನವರ ಸ್ಥಾನ ಯಾವುದು ಎಂದು ಅವರ ಕೈಕೆಳಗೆ ದುಡಿದವರನ್ನು ಕೇಳಿದರೆ, ಉತ್ತರಕ್ಕಿಂತ ಮುಂಚೆ ಒಂದು ನಿಟ್ಟುಸಿರು ಬರುತ್ತದೆ. ಆ ನಿಟ್ಟುಸಿರನ್ನು ಬಿಟ್ಟು ಬರೆದರೆ ಈ ಅಭಿನಂದನೆ ಅಪೂರ್ಣವಾಗುತ್ತದೆ. ನೇರ ಪ್ರಶ್ನೆಗೆ ಅವರು ನೇರ ಉತ್ತರ ಕೊಟ್ಟದ್ದನ್ನು ಕಂಡವರಿಲ್ಲ. ಯಾರು ಏನನ್ನೇ ಕೇಳಲಿ, ಹತ್ತಿರದಲ್ಲಿದ್ದ ಗೋಡೆಯನ್ನೋ ಮೇಜನ್ನೋ ಬೆರಳಗಂಟಿನಿಂದ ತಟ್ಟಿ, ಕೇಳಿದವರ ಮುಖವನ್ನೇ ನೋಡುತ್ತ, "ಏನ್ ಕೇಳಿಸ್ತು?" ಎನ್ನುವುದು ಅವರ ಪದ್ಧತಿ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ಭೂಧರ ಗಣಿ ಮತ್ತು ತೈಲ ಸಲಹಾ ಸಂಸ್ಥೆಯನ್ನು ಅವರು ಮುನ್ನಡೆಸಿದ್ದು ಬಹುಪಾಲು ಈ ಒಂದೇ ವಾಕ್ಯದಿಂದ.

ಈ ವಾಕ್ಯವನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಂಡವರು, ಎಲ್ಲರಿಗಿಂತ ಹೆಚ್ಚು ರೇಗಿದವರು ಅದೇ ಸಂಸ್ಥೆಯ ಇಂಜಿನಿಯರ್ ಶ್ರೀಮತಿ ಶಶಿಕಲಾ. ಆದ್ದರಿಂದ ಮುನಿರಾಮಯ್ಯನವರ ಕಥೆಯನ್ನು ಆಕೆ ಕಂಡ ಹಾಗೆ ಹೇಳುವುದೇ ಸೂಕ್ತ.

ಕೆಂಗೇರಿಯ ಹಳೆಯ ಊರಿನಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದಿಂದ ಬಂದ ಮುನಿರಾಮಯ್ಯನವರು, ಗಣಿ ಶಿಕ್ಷಣ ಮುಗಿಸಿ, ಚಿಕ್ಕ ವಯಸ್ಸಿನಲ್ಲೇ ಭೂಗತ ಗಣಿಗೆ ಇಳಿದವರು. ಅಲ್ಲಿಯೇ ಮೆಟ್ಟಿಲು ಮೆಟ್ಟಿಲಾಗಿ ಏರಿ ಗಣಿ ವ್ಯವಸ್ಥಾಪಕರಾಗಿ, ಆಮೇಲೆ ಭೂಧರ ಸಂಸ್ಥೆಯ ಮುಖ್ಯಸ್ಥರಾದರು. ಗಣಿಯೊಳಗೆ ಸಿಡಿಮದ್ದು ಹಾರಿದ ಮೇಲೆ ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ಕೇಳುವುದೊಂದು ಹಳೆಯ ಕ್ರಮ. ಗಟ್ಟಿ ಬಂಡೆ ಕಣಕಣ ಎನ್ನುತ್ತದೆ. ಹಿಂದೆ ಬಿರುಕು ಬಿಟ್ಟು ಸಡಿಲವಾದದ್ದು ಒಡಕು ಮಡಕೆಯಂತೆ ದೊಬ್ಬೆನ್ನುತ್ತದೆ. ಮುಖ್ಯಸ್ಥನಾದವನು ಮೊದಲು ಒಳಗೆ ಹೋಗಿ, ತಟ್ಟಿ, ಕೇಳಿ, ಆಮೇಲೆ ಉಳಿದವರನ್ನು ಕರೆಯಬೇಕು. ಯಾರಾದರೂ "ಆಚೆ" ಎಂದರೆ, ಹೇಳಿದವನು ನಿನ್ನೆ ಸೇರಿದ ಕೂಲಿಯೇ ಆಗಿರಲಿ, ಎಲ್ಲರೂ ಆಚೆ. ವಾದವೇನಿದ್ದರೂ ಬೆಳಕಿಗೆ ಬಂದ ಮೇಲೆ. ಮುಂದಾಳುತನ ಕುರಿತು ಮುನಿರಾಮಯ್ಯನವರು ಯಾವ ವೇದಿಕೆಯಲ್ಲಿ ಮಾತಾಡಿದರೂ ಇಷ್ಟನ್ನೇ ಹೇಳಿ ಕೂತುಬಿಡುತ್ತಿದ್ದರು. ಸಂಘಟಕರು ಗಡಿಯಾರ ನೋಡಿ ಕಂಗಾಲಾಗುತ್ತಿದ್ದರು.

ಶಶಿಕಲಾ ಗಣಿ ಇಂಜಿನಿಯರಿಂಗ್ ಪದವಿ ಹಿಡಿದು ಸಂಸ್ಥೆಗೆ ಸೇರಿದಾಗ ಹೆಂಗಸರು ಭೂಗತ ಗಣಿಯಲ್ಲಿ ಕೆಲಸ ಮಾಡುವುದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಗಂಡಸರು ಕೆಳಗಿಳಿದು ಅಳೆದು ತಂದದ್ದನ್ನು ಮೇಲೆ ಕೂತು ನಕ್ಷೆ ಮಾಡುವುದಷ್ಟೇ ಆಕೆಯ ಪಾಲಿಗೆ ಬಂದ ಕೆಲಸ. ಒಂದು ದಿನ ಬೇಸರ ತಡೆಯಲಾರದೆ, ಕೆಳಗೆ ಇಳಿಯದ ತನಗೆ ಈ ಪದವಿ ಯಾತಕ್ಕೆ ಎಂದು ಮುನಿರಾಮಯ್ಯನವರ ಮುಂದೆ ಹೇಳಿಕೊಂಡರು. ಅವರು ಮೇಜು ತಟ್ಟಿದರು. ಮುಂದಿನ ವಾರ ಕಚೇರಿಯ ಹಿತ್ತಲಿಗೆ ಲಾರಿಯಲ್ಲಿ ಕಲ್ಲುಚಪ್ಪಡಿಗಳು ಬಂದಿಳಿದವು.

"ನೀನು ಕೆಳಗೆ ಇಳಿಯೋ ಹಾಗಿಲ್ಲ, ಸರಿ," ಎಂದರು ಮುನಿರಾಮಯ್ಯನವರು. "ಕಲ್ಲು ಮೇಲೆ ಬರಬಾರದು ಅಂತ ಎಲ್ಲೂ ಬರ್ದಿಲ್ವಲ್ಲಮ್ಮ."

ತಗ್ಗಾದ ಒಂದು ಚಪ್ಪರ ಕಟ್ಟಿಸಿ, ಕೆಲವು ಚಪ್ಪಡಿಗಳನ್ನು ಕಾಂಕ್ರೀಟಿಗೆ ಒತ್ತಿ ಕೂರಿಸಿ, ಕೆಲವಕ್ಕೆ ಹಿಂದೆ ಸಂದು ಬಿಟ್ಟು, ಯಾವುದು ಯಾವುದೆಂದು ತಿಳಿಯದಂತೆ ಮೇಲೆ ಜೋಡಿಸಿದರು. ದಿನಾ ಬೆಳಗ್ಗೆ ಶಶಿಕಲಾ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಬಗ್ಗಿ ಒಳಗೆ ಹೋಗಿ, ಹಾರೆಯಿಂದ ಒಂದೊಂದನ್ನೇ ತಟ್ಟಬೇಕು, ಹೊರಗೆ ನಿಂತ ಮುನಿರಾಮಯ್ಯನವರು "ಏನ್ ಕೇಳಿಸ್ತು?" ಎನ್ನಬೇಕು. ಪಕ್ಕದ ಲೇತ್ ಶೆಡ್ಡಿನ ಹುಡುಗರಿಗೆ ಇದು ನಿತ್ಯದ ಮನರಂಜನೆಯಾಯಿತು. ಮೇಡಂ ತಮಟೆ ಕಲಿಯುತ್ತಿದ್ದಾರೆ, ಅಣ್ಣಮ್ಮನ ಉತ್ಸವಕ್ಕೆ ಈಗಲೇ ಬುಕ್ ಮಾಡೋಣ ಎಂದು ಅವರು ಟೀ ಅಂಗಡಿಯಲ್ಲಿ ಆಡಿಕೊಂಡದ್ದು ಶಶಿಕಲಾರ ಕಿವಿಗೂ ಬಿತ್ತು. ಮಗಳಿಗೆ ಡಬ್ಬಿ ಕಟ್ಟಿ, ಸ್ಕೂಲ್ ವ್ಯಾನ್ ಹತ್ತಿಸಿ, ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಅರ್ಧ ಜೀವ ಕಳೆದುಕೊಂಡು ಬಂದವರಿಗೆ ಬೆಳಗ್ಗೆಯೇ ಈ ತಮಟೆ. ಎಷ್ಟೋ ದಿನ ಹಾರೆಯನ್ನು ಅಲ್ಲೇ ಬಿಸಾಡಿ ಹೋಗಿಬಿಡಬೇಕು ಅನ್ನಿಸಿತ್ತು.

ಮುಂದೆ ಕಾನೂನು ಸಡಿಲವಾಗಿ, ತಾಂತ್ರಿಕ ಕೆಲಸಕ್ಕೆ ಹೆಂಗಸರೂ ಗಣಿಗೆ ಇಳಿಯಬಹುದು ಎಂದಾದಾಗ, ಸಂಸ್ಥೆಯಲ್ಲಿ ಇತರರು ಆ ಆದೇಶದ ಅರ್ಥ ಚರ್ಚಿಸುತ್ತಿದ್ದಂತೆಯೇ ಮುನಿರಾಮಯ್ಯನವರು ಶಶಿಕಲಾರಿಗೆ ಗಮ್‌ಬೂಟಿನ ಅಳತೆ ಕೇಳಿದ್ದರು. ಮೊದಲ ಸಲ ಕೆಳಗಿಳಿದ ದಿನ ಆಕೆಗೆ ಕತ್ತಲೂ ಸೆಕೆಯೂ ಹೊಸದಾಗಿದ್ದವು. ತಲೆಯ ಮೇಲಿನ ಬಂಡೆಯ ದನಿ ಮಾತ್ರ ಚೆನ್ನಾಗಿ ಪರಿಚಯವಿತ್ತು. ಈ ಉಪಕಾರವನ್ನು ಶಶಿಕಲಾ ಎಂದೂ ಮರೆತವರಲ್ಲ. ರೇಗುವುದನ್ನೂ ಬಿಟ್ಟವರಲ್ಲ.

ಏಕೆಂದರೆ ಮುನಿರಾಮಯ್ಯನವರ ತಟ್ಟುವಿಕೆ ಗಣಿಗೆ ಸೀಮಿತವಾಗಿರಲಿಲ್ಲ. ಬಸವೇಶ್ವರನಗರದ ತಮ್ಮ ಮನೆಯಲ್ಲಿ ಅವರು ತಾರಸಿಯ ಅಡಿಭಾಗವನ್ನು ಕೋಲಿನಿಂದ ತಟ್ಟಿ ನೋಡುತ್ತಿದ್ದರೆಂದು ಮಹಡಿಯ ಬಾಡಿಗೆದಾರರು ಖಾಲಿ ಮಾಡಿಕೊಂಡು ಹೋದದ್ದುಂಟು. ರಾಜರಾಜೇಶ್ವರಿನಗರದಲ್ಲಿ ಶಶಿಕಲಾ ಮತ್ತು ಅವರ ಪತಿ ಮಹದೇವ್ ಫ್ಲ್ಯಾಟ್ ಕೊಂಡು ಗೃಹಪ್ರವೇಶ ಮಾಡಿದ ದಿನ, ಇನ್ನೂ ಹಾಲು ಉಕ್ಕುವುದಕ್ಕೆ ಮುಂಚೆ, ಮುನಿರಾಮಯ್ಯನವರು ಪಂಚೆ ಎತ್ತಿಕಟ್ಟಿ ಹಾಲ್‌ನಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಕೂಟರಿನ ಕೀಲಿಯಿಂದ ನೆಲದ ಟೈಲುಗಳನ್ನು ತಟ್ಟತೊಡಗಿದರು. ಶಶಿಕಲಾರ ಅತ್ತೆ ಅಕ್ಕಯ್ಯಮ್ಮನವರು ಸೊಸೆಯನ್ನು ಒಲೆಯ ಮುಂದಿನಿಂದಲೇ ವಿಚಾರಿಸಿಕೊಂಡರು.

"ಯಾರಮ್ಮ ಅದು, ಊಟಕ್ಕೆ ಬಂದಿರೋರೋ, ಕಾಂಟ್ರಾಕ್ಟರೋ?"

ಅಷ್ಟರಲ್ಲಿ ಮುನಿರಾಮಯ್ಯನವರು ಶಶಿಕಲಾರ ಮಗಳು ಪುಟ್ಟ ಕವನಾಳನ್ನು ಹತ್ತಿರ ಕರೆದು, ತಟ್ಟಿ, "ಏನ್ ಕೇಳಿಸ್ತು ಪುಟ್ಟಿ?" ಎಂದಿದ್ದರು. ಆಕೆ ಗಂಭೀರವಾಗಿ ಯೋಚಿಸಿ, "ಇದು ಮಡಕೆ ಥರ ಇದೆ ತಾತ" ಎಂದಳು. ಪುರೋಹಿತರು ಮಂತ್ರ ನಿಲ್ಲಿಸಿ ತಾವು ಕೂತ ಮಣೆಯನ್ನು ಒಂದು ಮಾರು ಆಚೆಗೆ ಸರಿಸಿಕೊಂಡರು. ಟೈಲು ಕೀಳಿಸಿ ಮತ್ತೆ ಹಾಕಿಸುವವರೆಗೆ ಬಿಲ್ಡರನ ಮುನಿಸು, ಅತ್ತೆಯ ಮೂದಲಿಕೆ ಎರಡನ್ನೂ ಸಹಿಸಿದ್ದು ಶಶಿಕಲಾ.

ಇವೆಲ್ಲ ನಕ್ಕು ಮರೆಯುವಂಥವು. ನಗಲಾಗದ ವಿಷಯ ಬಂದದ್ದು ಉತ್ತರಾಧಿಕಾರದ ಪ್ರಶ್ನೆಯಲ್ಲಿ. ಮುನಿರಾಮಯ್ಯನವರ ನಂತರ ಸಂಸ್ಥೆಯ ಮುಖ್ಯಸ್ಥರು ಯಾರಾಗಬೇಕೆಂದು ಆಡಳಿತ ಮಂಡಳಿ ಅವರನ್ನೇ ಕೇಳಿತ್ತು; ಅವರ ಮಾತೇ ಕೊನೆಯದೆಂದೂ ಹೇಳಿತ್ತು. ಒಂದು ಕಡೆ ಶಶಿಕಲಾ. ಇನ್ನೊಂದು ಕಡೆ ಕಡಲ ತೈಲಬಾವಿಗಳಲ್ಲಿ ಹೆಸರು ಮಾಡಿ ಬಂದಿದ್ದ ಪೆಟ್ರೋಲಿಯಂ ಇಂಜಿನಿಯರ್ ಅನಿಕೇತ್. ಅನಿಕೇತ್ ಸಜ್ಜನ, ಮಾತಿನಲ್ಲಿ ಚತುರ, ಮಂಡಳಿಯವರಿಗೆ ಅಚ್ಚುಮೆಚ್ಚು. ಶಶಿಕಲಾರಿಗೆ ಆ ಕುರ್ಚಿ ಬೇಕಿತ್ತು, ಅದನ್ನು ಆಕೆ ಮುಚ್ಚಿಡಲೂ ಇಲ್ಲ. ಎಷ್ಟೋ ವರ್ಷ ಮೇಲೆ ಕೂತು ನಕ್ಷೆ ಬರೆದವರಿಗೆ, ಕೆಳಗೆ ಯಾರು ಇಳಿಯಬೇಕೆಂದು ತೀರ್ಮಾನಿಸುವ ಜಾಗದ ಬೆಲೆ ಚೆನ್ನಾಗಿ ಗೊತ್ತಿತ್ತು. ಮಂಡಳಿ ಕೇಳಿದಾಗಲೆಲ್ಲ ಮುನಿರಾಮಯ್ಯನವರು "ನೋಡೋಣ" ಎಂದರು. ಶಶಿಕಲಾ ಒಮ್ಮೆ ಬಾಯಿಬಿಟ್ಟು ಕೇಳಿದಾಗ ಮೇಜು ತಟ್ಟಿದರು. ಅಂದು ಸಂಜೆ ಆಕೆ ಬಸವೇಶ್ವರನಗರಕ್ಕೇ ಹೋಗಿ ಮುನಿರಾಮಯ್ಯನವರ ಪತ್ನಿ ರಾಮಕ್ಕನವರ ಮುಂದೆ ದೂರಿಕೊಂಡರು. ರಾಮಕ್ಕನವರು ಕಾಫಿ ಕೊಟ್ಟು, ನಿನಗೊಬ್ಬಳಿಗೇ ಅಲ್ಲ ಕಣಮ್ಮ ಎಂದರು. ಕುಕ್ಕರ್ ಎಷ್ಟು ಸಲ ಕೂಗಿತು ನೋಡಿಕೊಳ್ಳಿ ಎಂದು ಹೇಳಿ ಹೊರಗೆ ಹೋದರೆ, ವಾಪಸು ಬರುವಷ್ಟರಲ್ಲಿ ಬೇಳೆ ತಳ ಹಿಡಿದು ಕರಕಾಗಿರುತ್ತದೆ. ಇವರು ಪಕ್ಕದಲ್ಲೇ ಪೇಪರ್ ಓದುತ್ತಿರುತ್ತಾರೆ. ಕೇಳಿದರೆ, ನಿನಗೆ ಎಷ್ಟು ಕೇಳಿಸಿತು ಎಂದು ತನ್ನನ್ನೇ ಕೇಳುತ್ತಾರೆ ಎಂದು ಹಣೆ ಚಚ್ಚಿಕೊಂಡರು. ಇಬ್ಬರೂ ಸೇರಿ ಮನಸಾರೆ ಬೈದು ಹಗುರಾದರು. ಆ ಮಾತಿನಲ್ಲೇ ಇದ್ದ ಸಂಗತಿ ಇಬ್ಬರಿಗೂ ಹೊಳೆಯಲಿಲ್ಲ.

ಕಳೆದ ವರ್ಷ ಚಿತ್ರದುರ್ಗದ ಆಚೆಯ ಒಂದು ಖಾಸಗಿ ಭೂಗತ ಗಣಿಯ ತಪಾಸಣೆಗೆ ಮುನಿರಾಮಯ್ಯನವರೂ ಶಶಿಕಲಾರೂ ಹೋದರು. ಗಣಿಯ ಮಾಲೀಕರಿಗೆ ಅದಿರು ಬೇಗ ಮೇಲೆ ಬರಬೇಕಿತ್ತು. ಮಂಡಳಿಯ ಸಭೆ ಆ ವಾರವೇ ಇತ್ತು. ಅಷ್ಟರಲ್ಲಿ ಹೆಸರು ಹೇಳಲೇಬೇಕೆಂದು ಮುನಿರಾಮಯ್ಯನವರಿಗೆ ಗಡುವಾಗಿತ್ತು. ಹೊಸದಾಗಿ ಸಿಡಿಸಿದ ಸುರಂಗದ ಬಾಯಲ್ಲಿ ಮುನಿರಾಮಯ್ಯನವರು ಎಂದಿನಂತೆ ಮುಂದೆ ನಿಂತರು, ಹಾರೆ ಎತ್ತಿ ತಲೆಯ ಮೇಲೆ ತಟ್ಟಿದರು, ಪಕ್ಕದಲ್ಲಿದ್ದ ಗಣಿಯ ಮೇಸ್ತ್ರಿ ರಾಚಪ್ಪನ ಮುಖ ನೋಡಿ ಏನು ಕೇಳಿಸಿತೆಂದು ಕೇಳಿದರು.

"ಗಂಟೆ ಬಾರಿಸ್ದಂಗೈತೆ ಸಾರ್," ಎಂದ ರಾಚಪ್ಪ. ಮಾಲೀಕರ ಅವಸರ ಅವನ ಬೆನ್ನಿಗೂ ಇತ್ತು.

ಮುನಿರಾಮಯ್ಯನವರು ತಲೆಯಾಡಿಸಿ ಒಳಗೆ ಹೆಜ್ಜೆ ಇಟ್ಟರು. ಕೆಲಸಗಾರರು ಹಿಂದೆಯೇ ಹೊರಟರು. ಸಾಲಿನ ಕೊನೆಯಲ್ಲಿದ್ದ ಶಶಿಕಲಾರಿಗೆ ದನಿ ದೂರದಿಂದ ಬಂದಿತ್ತು. ಅದು ಗಂಟೆಯಲ್ಲ ಅನ್ನಿಸಿತು. ಆದರೆ ತಟ್ಟಿದವರು ಸಾರ್. ಒಳಗೆ ಕರೆದವರು ಸಾರ್. ಮಾಲೀಕರ ಜನರೆದುರು ಅವರ ಮಾತು ಮುರಿದರೆ, ಈ ವಾರ ಮಂಡಳಿಯಲ್ಲಿ ಅವರ ಬಾಯಲ್ಲಿ ಯಾರ ಹೆಸರು ಬರುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಕೆ ಮುಂದೆ ನುಗ್ಗಿ ಒಬ್ಬನ ಕೈಯಿಂದ ಹಾರೆ ಕಿತ್ತುಕೊಂಡು ಮತ್ತೊಮ್ಮೆ ತಟ್ಟಿದರು. ರಾಜಾಜಿನಗರದ ಹಿತ್ತಲಿನ ಸಂದು ಬಿಟ್ಟ ಚಪ್ಪಡಿಯ ದನಿ ಅದು.

"ಸಾರ್, ಆಚೆ. ಎಲ್ಲರೂ ಆಚೆ," ಎಂದು ಅವರ ಎದುರಿಗೇ ನಿಂತು ಕೂಗಿದರು.

ರಾಚಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುನಿರಾಮಯ್ಯನವರು ತಿರುಗಿಯಾಗಿತ್ತು. ಏಕೆ ಎನ್ನಲಿಲ್ಲ, ಮೇಲಕ್ಕೆ ನೋಡಲಿಲ್ಲ, ರಾಚಪ್ಪನ ತೋಳು ಹಿಡಿದು ಅವನನ್ನೂ ನಡೆಸಿಕೊಂಡು, ಶಾಲೆಯ ಸಾಲಿನ ಹುಡುಗನ ಹಾಗೆ ಹೊರಗೆ ಬಂದುಬಿಟ್ಟರು.

ಆಮೇಲೆ ಬಂಡೆ ಕುಸಿಯಿತು ಎಂದು ಬರೆದರೆ ಈ ಲೇಖನಕ್ಕೆ ಕಳೆ ಬರುತ್ತಿತ್ತೇನೋ. ಬಂಡೆ ಕುಸಿಯಲಿಲ್ಲ. ಕೆಲಸ ನಿಲ್ಲಿಸಿ, ಉಕ್ಕಿನ ಆಸರೆ ಕೊಟ್ಟು, ಬೋಲ್ಟು ಹಾಕಿ ಬಿಗಿದರು. ಅದು ಇಂದಿಗೂ ಅಲ್ಲೇ ಇದೆ. ಮಾಲೀಕರು ಕೆಲಸ ಕೆಟ್ಟಿತೆಂದು ಮಂಡಳಿಗೆ ಫೋನ್ ಮಾಡಿ ಕೂಗಾಡಿದರು. ವಾಪಸು ಬರುವ ಕಾರಿನಲ್ಲಿ, ತುಮಕೂರು ದಾಟಿದ ಮೇಲೆ ಶಶಿಕಲಾ, ಬೀಳದ ಬಂಡೆಗೆ ನಿಮ್ಮ ಮರ್ಯಾದೆ ಕಳೆದೆ ಸಾರ್, ತಪ್ಪಾಯಿತು ಎಂದರು. ಮುನಿರಾಮಯ್ಯನವರಿಗೆ ಕೇಳಿಸಲಿಲ್ಲ. ಆಕೆ ಮತ್ತೆ ಹೇಳಿದರು. ಮೂರನೆಯ ಸಲ ಕಿವಿಯ ಹತ್ತಿರ ಬಾಗಿ, ಹೆಚ್ಚುಕಡಿಮೆ ಕಿರುಚಿ ಹೇಳಬೇಕಾಯಿತು.

"ಬೀಳದೇ ಇರೋದಕ್ಕೇ ನಮಗೆ ಸಂಬಳ ಕೊಡೋದು ಕಣಮ್ಮ," ಎಂದರು ಅವರು. ಆಮೇಲೆ, ಅಷ್ಟೇ ಸಾಧಾರಣ ದನಿಯಲ್ಲಿ, "ಗಟ್ಟಿ ಬಂಡೆ, ಸಡಿಲ ಬಂಡೆ, ನಂಗೆ ಎರಡೂ ಒಂದೇ ಥರ ಕೇಳುತ್ತೆ. ಕೆಲವು ವರ್ಷ ಆಯ್ತು" ಎಂದರು.

ಒಂದು ವೃತ್ತಿಜೀವನದ ಉದ್ದಕ್ಕೂ ಕೊರೆಯುವ ಯಂತ್ರಗಳ ಪಕ್ಕದಲ್ಲಿ ನಿಂತ ಕಿವಿಗಳು ಮೆಲ್ಲಗೆ ಸೋತಿದ್ದವು. ಮೊದಮೊದಲು ಕಲಿಸಲೆಂದು ಕೇಳುತ್ತಿದ್ದ ಪ್ರಶ್ನೆಯನ್ನು ಅವರು ಆಮೇಲೆ ತಿಳಿಯಲೆಂದೇ ಕೇಳುತ್ತಿದ್ದರು. ಗೋಡೆ, ಟೈಲು, ತಾರಸಿ ಎಲ್ಲವನ್ನೂ ತಟ್ಟಿದ್ದು, ತಮಗೆ ಇನ್ನೂ ಏನಾದರೂ ಕೇಳಿಸೀತೇ ಎಂದು. ತಾವು ಕೇಳದೆಯೇ ಯಾರು ಹೇಳಿಯಾರು, ತಮ್ಮ ಮಾತನ್ನೇ ಮುರಿದು ಯಾರು ಆಚೆ ಕರೆದಾರು ಎಂದು ಕಾಯುತ್ತಿದ್ದುದರಿಂದಲೇ ಮಂಡಳಿಗೆ "ನೋಡೋಣ" ಎಂದದ್ದು. ಶಶಿಕಲಾರಿಗೆ ಕಣ್ಣು ತುಂಬಿತು. ಮರುಕ್ಷಣವೇ ಸಿಟ್ಟೂ ಬಂತು. ಇದನ್ನು ಮುಂಚೆಯೇ ಹೇಳಬಾರದಿತ್ತೇ, ಕೇಳಿಸದ ಕಿವಿ ಇಟ್ಟುಕೊಂಡು ಮುಂದೆ ನಿಲ್ಲುವುದೇ, ರಾಚಪ್ಪನನ್ನು ನಂಬುವುದೇ ಎಂದು ಆಕೆ ನೆಲಮಂಗಲದ ಟೋಲ್ ಬರುವವರೆಗೂ ಬೈದರು. ಅವರು ತಲೆ ತಗ್ಗಿಸಿ ಅಷ್ಟನ್ನೂ ಒಪ್ಪಿಕೊಂಡರು. ಅದನ್ನು ಮಾತ್ರ ಅವರು ಪೂರ್ತಿ ಕೇಳಿಸಿಕೊಂಡಂತಿತ್ತು.

ಆ ವಾರದ ಸಭೆಯಲ್ಲಿ ಮುನಿರಾಮಯ್ಯನವರು ತಮ್ಮ ಕಿವಿಯ ಸಂಗತಿಯನ್ನು ತಾವೇ ತಿಳಿಸಿ, ಅವಧಿಗೆ ಮುಂಚೆಯೇ ನಿವೃತ್ತಿ ಬೇಡಿ, ತಮ್ಮ ಜಾಗಕ್ಕೆ ಶಶಿಕಲಾರ ಹೆಸರು ಹೇಳಿದರು. ಫೋನಿನಲ್ಲಿ ಬಂದ ಮಾಲೀಕರ ದೂರನ್ನು ಎತ್ತಿದ ಮಂಡಳಿಯ ಅಧ್ಯಕ್ಷರು, ಹೀಗಿರುವಾಗ ಶಶಿಕಲಾರ ಹೆಸರನ್ನು ಹೇಗೆ ಒಪ್ಪುವುದು ಎಂದು ಕೇಳಿದರು. "ನನ್ನನ್ನೇ ಆಚೆ ಹಾಕಿದೋಳು ಸಾರ್," ಎಂದರಂತೆ ಮುನಿರಾಮಯ್ಯನವರು, "ಇನ್ಯಾರಿಗೆ ಹೆದರ್ತಾಳೆ?" ಅವರ ಇಡೀ ಸೇವೆಯಲ್ಲಿ ದಾಖಲಾದ ನೇರ ಉತ್ತರ ಬಹುಶಃ ಅದೊಂದೇ. ಅನಿಕೇತ್ ಎಲ್ಲರಿಗಿಂತ ಮೊದಲು ಎದ್ದು ಶಶಿಕಲಾರ ಕೈ ಕುಲುಕಿದರು.

ನಿವೃತ್ತರಾದರೂ ಮುನಿರಾಮಯ್ಯನವರು ನಿಂತವರಲ್ಲ. ರಾಜಾಜಿನಗರದ ಹಿತ್ತಲಿನ ಚಪ್ಪರಕ್ಕೆ ಹೊಸದಾಗಿ ಸೇರಿದ ಇಂಜಿನಿಯರುಗಳನ್ನು ಬಗ್ಗಿಸಿ ಕಳಿಸಿ, ಹೊರಗೆ ನಿಂತು ಅದೇ ಪ್ರಶ್ನೆ ಕೇಳುತ್ತಾರೆ. ಆ ಹೊಸಬರೂ ಶಶಿಕಲಾರ ಹಾಗೆಯೇ ಹಲ್ಲು ಕಡಿಯುತ್ತ ಉತ್ತರ ಹೇಳುತ್ತಾರೆ. ಶಶಿಕಲಾ ತಾವೇ ಕರೆದುಕೊಂಡು ಹೋಗಿ ಕೊಡಿಸಿದ ಕಿವಿಯ ಯಂತ್ರವನ್ನು ಅವರು ಅಂಗಿಯ ಜೇಬಿನಲ್ಲಿ ಭದ್ರವಾಗಿಟ್ಟುಕೊಂಡಿದ್ದಾರೆ. ರಾಮಕ್ಕನವರ ಬೇಳೆ ಈಗಲೂ ಕರಕಾಗುತ್ತಿದೆ.

ಇಂಥ ಹಿರಿಯರು ಇನ್ನೂ ಬಹುಕಾಲ, ಗಟ್ಟಿ ಬಂಡೆಯ ಕೆಳಗೆ ಎಂಬಷ್ಟು ನಿಶ್ಚಿಂತೆಯಿಂದ ಬಾಳಲಿ. ಅವರ ಹಾರೆಗೂ ಪ್ರಶ್ನೆಗೂ ಬಿಡುವಿಲ್ಲದಿರಲಿ. ಕೆಳಗಿಳಿಯುವ ಮಕ್ಕಳೆಲ್ಲ ಸಂಜೆ ಬೆಳಕಿಗೆ ಬರುವಂತೆ ಕಲಿಸುತ್ತಲೇ ಇರಲಿ. ಒಂದು ವಿಷಯ ಮಾತ್ರ ಬಾಕಿ ಇದೆ. ಈ ಅಭಿನಂದನ ಸಂಪುಟ ಅವರ ಕೈ ಸೇರುವ ದಿನ ಸಂಸ್ಥೆಯ ಮುಖ್ಯಸ್ಥೆ ಕಿವಿಯ ಯಂತ್ರವಿರುವ ಅವರ ಜೇಬಿನ ಕಡೆ ಬೆರಳು ತೋರಿಸಿ "ಸಾರ್, ಆಚೆ" ಎನ್ನಲಿದ್ದಾರೆ. ಹಾಗೆಂದ ಮೇಲೆ ವಾದ ಮಾಡಬಾರದೆಂದು ಕಲಿಸಿದವರು ಅವರೇ.