ಅಕ್ಕನಿಗೆ ಹೇಳಿದ ಪಾಠ

ಗೋಕಾಕದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಬಾಯಿ ಜಾಸ್ತಿ. ಮನೆಗೆ ಬಂದವರಿಗೂ ಪಾಠ ಹೇಳುತ್ತೇನೆ. ಹೋದ ಶ್ರಾವಣದಲ್ಲಿ ತುಕ್ಕಾನಟ್ಟಿಯಿಂದ ಬಂದ ಅಕ್ಕನಿಗೂ ಹೇಳಿದೆ. ಹೇಳಬಾರದಿತ್ತು.

ಅವಳು ಬಂದದ್ದು ಹೆಣ್ಣು ಕೇಳಲು. ನಮ್ಮಲ್ಲಿ ತಮ್ಮನ ಮಗಳನ್ನು ಕೇಳುವ ಮೊದಲ ಹಕ್ಕು ಅಕ್ಕನದು. "ನಿನ್ನ ಮಗಳನ್ನ ನನ್ನ ಮಗಗ ಕೊಟ್ಟಬಿಡೊ ತಮ್ಮಾ. ಕೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರೆಲ್ಲಾ ಯಾಕ ಅಡ್ಡಾಡ್ತಿ?" ಎಂದಳು. ಹುಡುಗ ಒಳ್ಳೆಯವನೇ. ಆದರೆ ಹತ್ತನೆಯ ತರಗತಿಗೇ ಓದು ಬಿಟ್ಟು ಕಬ್ಬಿನ ಹೊಲ ಹಿಡಿದವನು. ನನ್ನ ಕಣ್ಣು ಹುಕ್ಕೇರಿಯ ಒಬ್ಬ ಇಂಜಿನಿಯರನ ಮೇಲಿತ್ತು. ಅದನ್ನು ಹೇಳುವ ಧೈರ್ಯ ಎಲ್ಲಿಂದ ತರಲಿ? ಅವ್ವ ಸತ್ತ ಮೇಲೆ ನನ್ನನ್ನು ತನ್ನ ಗಂಡನ ಮನೆಯಲ್ಲಿಟ್ಟುಕೊಂಡು, ರೊಟ್ಟಿ ಬಡಿದು ಹಾಕಿ ಓದಿಸಿದವಳು ಅವಳು. ಅದಕ್ಕೇ ವಿಜ್ಞಾನದ ನೆವ ಹೂಡಿದೆ.

"ಕಬ್ಬು ಹ್ಯಾಂಗ ಹಚ್ಚತೇವಿ ಅಕ್ಕಾ? ತುಂಡು ಮಾಡಿ ನೆಲದಾಗ ಇಡ್ತೇವಿ. ಗಂಡು ಹುಡುಕೂದಿಲ್ಲ, ಲಗ್ನದ ಗದ್ದಲಿಲ್ಲ. ಇಷ್ಟು ಹಗೂರ ದಾರಿ ಇದ್ರೂ ದನ, ಹಕ್ಕಿ, ಮನಷ್ಯಾ ಯಾಕ ಜೋಡಿ ಹುಡುಕ್ತಾವು?"

"ನೀ ಶಾಣ್ಯಾ, ನೀನ ಹೇಳು," ಎಂದು ನಕ್ಕಳು.

ಹೇಳಿದೆ. ತುಂಡಿನಿಂದ ಎದ್ದ ಹೊಲವೆಲ್ಲ ಒಂದೇ ಕಬ್ಬು. ರೋಗಕ್ಕೆ ಒಂದು ತುತ್ತಾದರೆ ಎಲ್ಲವೂ ತುತ್ತಾದ ಹಾಗೆ. ಗಂಡು ಹೆಣ್ಣು ಕೂಡಿದರೆ ಪ್ರತಿ ಕೂಸೂ ಬೇರೆ, ಯಾವುದೋ ಒಂದು ತಡೆದುಕೊಂಡು ಉಳಿಯುತ್ತದೆ. ತಾಯಿಯಿಂದ ಬಂದ ಕುಂದನ್ನು ತಂದೆಯಿಂದ ಬಂದದ್ದು ಮುಚ್ಚುತ್ತದೆ. ಅದಕ್ಕೇ ನಿಸರ್ಗ ಈ ಖಟಪಟಿ ಬಿಟ್ಟಿಲ್ಲ. "ಒಂದ ಮನಿತನದಾಗ ಕೊಟ್ಟು ತಂದ್ರ ಎರಡೂ ಕಡೆಯಿಂದ ಅದ ಕುಂದು ಬರಬಹುದು. ಆವಾಗ ಮುಚ್ಚೂದು ಯಾವುದು?" ಎಂದೆ. ಎಷ್ಟು ಚೆನ್ನಾಗಿ ಹೇಳಿದೆನೆಂದು ಒಳಗೊಳಗೇ ಹಿಗ್ಗಿದೆ ಕೂಡ.

ಅಕ್ಕ ಚಹಾದ ಬಸಿ ಕೆಳಗಿಟ್ಟಳು. "ಹಂಗಾರ ನನ್ನ ಮದಲಿನ ಎರಡು ಕೂಸು ಅದಕ್ಕ ಹೋದುವೇನು?"

ಎಲುಬಿಲ್ಲದ ನಾಲಿಗೆ ನನ್ನದು. ಅಕ್ಕನನ್ನು ಕೊಟ್ಟದ್ದು ನಮ್ಮ ಸೋದರಮಾವನಿಗೇ. ಮೊದಲ ಎರಡು ಹೆಣ್ಣುಕೂಸುಗಳು ಕತ್ತು ನಿಲ್ಲುವ ಮೊದಲೇ ತೀರಿಕೊಂಡಿದ್ದವು. ಹಣೇಬರಹ ಎಂದು ಎಲ್ಲರೂ ಅಂದಿದ್ದರು. ಅವಳೂ ಅದನ್ನೇ ನಂಬಿ ಹೇಗೋ ಸಮಾಧಾನ ಮಾಡಿಕೊಂಡಿದ್ದಳು. "ಹಂಗೇನಿಲ್ಲಕ್ಕಾ, ಹೊರಗಿನವರನ್ನ ಮಾಡ್ಕೊಂಡವರಿಗೂ ಆಗತೈತಿ," ಎಂದೆ. ಅದೂ ಖರೆಯೇ. ಆದರೆ ಅವಳು ನಂಬಿದ್ದು ಮೊದಲು ಹೇಳಿದ್ದನ್ನು.

ಜಗಳ ಆಡಲಿಲ್ಲ. ಮೂಡಲಗಿ ಬಸ್ಸಿಗೆ ಹತ್ತಿಸಲು ಹೋದಾಗ ನನ್ನ ಕೈ ಹಿಡಿದು, "ನೀ ಬ್ಯಾಡ ಅಂದಿದ್ದ ಛಲೋ ಆತು. ನಿನ್ನ ಮಗಳಿಗೆ ಆ ಸಂಕಟ ಬ್ಯಾಡ," ಎಂದಳು. ಆಗಲಾದರೂ ನಿಜ ಹೇಳಬೇಕಿತ್ತು. ನಿನ್ನ ಮಗ ಓದಿಲ್ಲವೆಂದು ಬೇಡ ಅಂದೆ ಎನ್ನಬೇಕಿತ್ತು. ನಾಚಿಕೆಗೆಟ್ಟವನು, ಅವಳ ಚೀಲ ಎತ್ತಿ ಬಸ್ಸಿನೊಳಗೆ ಇಟ್ಟೆ. ಅವಳು ಕಿಟಕಿಯ ಬಾಜೂ ಕುಳಿತು ಕೇಳಿದಳು:

"ನೀ ನನಗಿಂತ ಮದಲ ಹುಟ್ಟಿ ಓದಿದ್ರ, ನನ್ನ ಲಗ್ನದಾಗೂ ಇದನ್ನ ಹೇಳಿ ಬಿಡಿಸ್ತಿದ್ದಿ. ಹೌದಲ್ಲೊ ತಮ್ಮಾ?"

"ಹೌದಕ್ಕಾ," ಅಂದೆ.