ಎರಡನೇ ಸಲ ಕೇಳುವವರು

ಅಮೆರಿಕದ ಕಾಲೇಜಿನಲ್ಲಿ ನಾನು ಒಂದು ದಿನವೂ ಓದಿದವಳಲ್ಲ. ಆದರೂ ಅಲ್ಲಿ ಹೇಗೆ ಬದುಕಬೇಕು ಎಂದು ಬೆಳಗಾದರೆ ಚೀನಾದ ಮಕ್ಕಳಿಗೆ ಪಾಠ ಹೇಳುತ್ತೇನೆ. ಇಂಗ್ಲಿಷ್ ಕಲಿತು, ಪರೀಕ್ಷೆ ಪಾಸು ಮಾಡಿ, ಇನ್ನೇನು ವಿಮಾನ ಹತ್ತಬೇಕು ಎನ್ನುವ ಮಕ್ಕಳು ಅವರು. ಫೋರ್ಟ್ ಲೀಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಅಡುಗೆಮನೆಗೆ ಅಂಟಿದ ಮೂಲೆಯಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಕೂರುವ ಹೊತ್ತಿಗೆ ಕಿಟಕಿಯಾಚೆ ಸೇತುವೆಯ ಮೇಲೆ ಮ್ಯಾನ್‌ಹಟನ್ ಕಡೆಗೆ ಹೋಗುವ ಕಾರುಗಳು ಆಗಲೇ ಸಾಲುಗಟ್ಟಿರುತ್ತವೆ. ಚೀನಾದಲ್ಲಿ ಆಗ ಸಂಜೆ. ಒಬ್ಬೊಬ್ಬರ ಹಿಂದಿನಿಂದಲೂ ಒಗ್ಗರಣೆಯ ಸದ್ದು ಕೇಳಿಸುತ್ತದೆ.

ನಾನು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಒಂದಿಷ್ಟು ದಿನ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ಗಂಡನ ವೀಸಾದ ಬಾಲ ಹಿಡಿದುಕೊಂಡು ಇಲ್ಲಿಗೆ ಬಂದವಳು. ಇಲ್ಲಿನ ಕಾಲೇಜಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮಗಳು ಫೋನಿನಲ್ಲಿ ಗೊಣಗಿದ್ದು. ರೂಮ್‌ಮೇಟ್ ಬೆಳಗಿನ ಜಾವ ಹೇರ್ ಡ್ರೈಯರ್ ಹಾಕಿದರೆ ಏನು ಹೇಳಬೇಕು, ಪ್ರೊಫೆಸರ್ ಬಾಗಿಲು ತೆರೆದು ಕೂತಿರುವ ಹೊತ್ತಿನಲ್ಲಿ ತಪ್ಪು ಮಾಡದಿದ್ದರೂ ಹೋಗಿ ಮಾತಾಡಿಸಬೇಕು, 'ಹೌ ಆರ್ ಯು' ಅಂದವರಿಗೆ ಮೊಣಕಾಲು ನೋವಿನ ಕಥೆ ಹೇಳಬಾರದು. ಅವಳ ಗೊಣಗಾಟವೇ ನನ್ನ ಪಠ್ಯಪುಸ್ತಕ. ಅದನ್ನು ಮಾರಿಕೊಂಡು ತಿನ್ನುತ್ತಿದ್ದೇನೆ ಎಂದು ಗಂಡ ಚೇಷ್ಟೆ ಮಾಡುತ್ತಾರೆ.

ಮಗಳು ಈಗ ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದಾಳೆ. ಇಲ್ಲಿ ಎಲ್ಲರೂ ಮನೆ ಸೇರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರ ಬಂದಾಗ ಪ್ರತಿ ವರ್ಷವೂ ಬರ್ತೀಯಾ ಎಂದು ಕೇಳುತ್ತೇನೆ. "ಐಯಾಮ್ ಗುಡ್, ಅಮ್ಮ" ಎನ್ನುತ್ತಾಳೆ. ಈ ದೇಶದ ಭಾಷೆಯಲ್ಲಿ ಅದರ ಅರ್ಥ ಬೇಡ ಎಂದು. ನಾನು ಆಯ್ತವಾ ಎಂದು ಸುಮ್ಮನಾಗುತ್ತೇನೆ. ಒತ್ತಾಯ ಮಾಡಿದರೆ ಅವಳಿಗೆ ಸೇರುವುದಿಲ್ಲ. ಆದರೂ ನವೆಂಬರ್ ಬಂತೆಂದರೆ ಅವಳ ಕೋಣೆಯ ಹಾಸಿಗೆ ವಸ್ತ್ರ ಒಗೆದು ಹಾಸುತ್ತೇನೆ, ಹಬ್ಬ ಮುಗಿದ ಮೇಲೆ ತೆಗೆದು ಮಡಚಿಡುತ್ತೇನೆ. ಅವಳು ಬರಬೇಕು, ನನಗೆ ಬೇಕಾದದ್ದು ಅಷ್ಟೇ. ಅದನ್ನು ಅವಳಿಗೆ ಬಿಟ್ಟು ಬೇರೆ ಎಲ್ಲರಿಗೂ ಹೇಳಬಲ್ಲೆ.

ನನ್ನ ಪಾಠಗಳಲ್ಲಿ ಒಂದು ಊಟದ್ದು. ಯಾರಾದರೂ ಮನೆಗೆ ಕರೆದರೆ, ತಿನ್ನಲು ಕೊಟ್ಟರೆ, ಏನೆನ್ನಬೇಕು? ನಾನು ಅಮೆರಿಕದ ಹೆಂಗಸಾಗುತ್ತೇನೆ, ಮಕ್ಕಳು ಅತಿಥಿಗಳಾಗುತ್ತಾರೆ. ಸ್ವಲ್ಪ ಆಪಲ್ ಪೈ ತಿನ್ನುತ್ತೀರಾ ಎಂದು ಕೇಳುತ್ತೇನೆ. ಎಲ್ಲರೂ ಒಂದೇ ರಾಗದಲ್ಲಿ, ಬೇಡ, ಥ್ಯಾಂಕ್ ಯೂ. ನಾನು ಇಲ್ಲದ ತಟ್ಟೆಯನ್ನು ಎತ್ತಿ ಒಳಗಿಡುತ್ತೇನೆ. ಅವರ ಮುಖ ನೋಡಬೇಕು ಆಗ. ಅವರಲ್ಲಿ ಮೊದಲ ಸಲಕ್ಕೇ ಹೂಂ ಅಂದರೆ ಬರಗೆಟ್ಟವರ ಲೆಕ್ಕ. ಬೇಡ ಅನ್ನಬೇಕು, ಮನೆಯವರು ಮತ್ತೆ ಕೇಳಬೇಕು, ಮತ್ತೆ ಬೇಡ ಅನ್ನಬೇಕು, ಅಷ್ಟರಲ್ಲಿ ಬಟ್ಟಲು ತುಂಬಿರಬೇಕು. ಇಲ್ಲಿ ಹಾಗಲ್ಲ ಎಂದು ಹೇಳಿಕೊಡುತ್ತೇನೆ. ಇಲ್ಲಿ ಬೇಡ ಅಂದರೆ ಬೇಡ. ಯಾರೂ ಎರಡನೇ ಸಲ ಕೇಳುವುದಿಲ್ಲ. ಕೇಳದಿರುವುದೇ ಇಲ್ಲಿನ ಮರ್ಯಾದೆ. ಹಸಿವಾಗಿದ್ದರೆ ಮೊದಲ ಸಲಕ್ಕೇ ಹೂಂ ಅನ್ನಿ.

ಇದನ್ನು ಹೇಳುವಾಗೆಲ್ಲ ನನಗೆ ಅವ್ವನ ಪಂಕ್ತಿ ನೆನಪಾಗುತ್ತದೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಅವ್ವ ಹೋಳಿಗೆ ಹಿಡಿದುಕೊಂಡು ನಿಂತೇ ಇರುತ್ತಿದ್ದಳು. ನೊಣ ಓಡಿಸಲು ಒಂದು ಕೈ ಎತ್ತಿದರೆ ಸಾಕು, ಆ ಸಂದಿಯಲ್ಲಿ ಹೋಳಿಗೆ ಬಿದ್ದಿರುತ್ತಿತ್ತು. "ಸಣ್ಣದದ, ತಿನ್ನು" ಎನ್ನುತ್ತಿದ್ದಳು, ಎಲೆಯಷ್ಟಗಲ ಇದ್ದರೂ. ಆಗ ಸಿಟ್ಟು ಬರುತ್ತಿತ್ತು. ಅವ್ವ ಹೋಗಿ ಬಹಳ ವರ್ಷವಾಯಿತು. ಈಗ ನನ್ನ ತಟ್ಟೆಗೆ ನಾನೇ ಬಡಿಸಿಕೊಳ್ಳುತ್ತೇನೆ, ಸಾಕೆನಿಸಿದಾಗ ನಿಲ್ಲಿಸುತ್ತೇನೆ. ಇಷ್ಟು ಸುಲಭದ ಊಟ ನನಗೆ ಸೇರುವುದೇ ಇಲ್ಲ.

ಒಂದು ವರ್ಷ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಚೀನಾದ ಒಳನಾಡಿನ ಯಾವುದೋ ಊರಿನವಳು, ದುಂಡು ಕನ್ನಡಕ, ಮಾತು ಕಡಿಮೆ. ಪಾಠ ನಡೆಯುವಾಗ ಪರದೆಯ ಅಂಚಿನಿಂದ ಒಂದು ಮುದಿ ಕೈ ಬಂದು, ಹೆಚ್ಚಿದ ಸೇಬಿನ ತಟ್ಟೆಯನ್ನು ಅವಳ ಪಕ್ಕ ಇಟ್ಟು, ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತಿತ್ತು. ಅದು ಅಜ್ಜಿಯ ಕೈ. ಊಟದ ಪಾಠ ಮುಗಿದ ದಿನ ಈ ಹುಡುಗಿ ಮೊದಲ ಸಲ ತಾನಾಗಿ ಬಾಯಿ ಬಿಟ್ಟಳು.

"ಟೀಚರ್, ಯಾರೂ ಎರಡನೇ ಸಲ ಕೇಳದಿದ್ದರೆ, ಯಾರಿಗೆ ನಿಜವಾಗಿ ಹಸಿವಾಗಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ?"

ನನ್ನ ಮಗಳು ಅದರ ಬಗ್ಗೆ ಏನೂ ಗೊಣಗಿರಲಿಲ್ಲ. ಹೊತ್ತಾಯಿತು ಎಂದು ಹೇಳಿ ಮುಂದಿನ ಪಾಠಕ್ಕೆ ಹೋದೆ.

ಆ ವರ್ಷವೇ ಅವಳು ಇಲ್ಲಿಗೆ ಓದಲು ಬಂದಳು, ನಮ್ಮ ಮನೆಯಿಂದ ಕಾರಿನಲ್ಲಿ ಒಂದು ತಾಸು, ಪಾರ್ಸಿಪನಿ ದಾಟಿ ಇನ್ನೂ ಸ್ವಲ್ಪ ದೂರದ ಒಂದು ಕಾಲೇಜಿಗೆ. ಬಂದಿಳಿದ ದಿನ ನಮಸ್ಕಾರ ಟೀಚರ್ ಎಂದು ಒಂದು ಮೆಸೇಜ್ ಹಾಕಿದ್ದಳು. ಥ್ಯಾಂಕ್ಸ್‌ಗಿವಿಂಗ್ ಬಂತು. ಆ ವಾರ ಹಾಸ್ಟೆಲಿನ ಮಕ್ಕಳೆಲ್ಲ ಮನೆಗೆ ಹೋಗುತ್ತಾರೆ, ಊಟದ ಹಾಲ್ ಮುಚ್ಚುತ್ತಾರೆ. ಅದೂ ಮಗಳಿಂದ ಗೊತ್ತಾದದ್ದೇ. ಮಗಳಿಗೆ ಫೋನ್ ಮಾಡಿ ಐಯಾಮ್ ಗುಡ್ ಕೇಳಿಸಿಕೊಂಡ ಮರುದಿನ ಈ ಹುಡುಗಿಗೆ ಫೋನ್ ಮಾಡಿ, ನಮ್ಮಲ್ಲಿಗೆ ಬಂದು ಇದ್ದು ಹೋಗು ಎಂದು ಕರೆದೆ.

"ನೋ ಥ್ಯಾಂಕ್ ಯೂ, ಟೀಚರ್. ಐಯಾಮ್ ಗುಡ್" ಎಂದಳು. ಉಚ್ಚಾರಣೆಯೂ ನಾನು ಕಲಿಸಿದ್ದೇ.

ಫೋನ್ ಇಟ್ಟ ಮೇಲೆ ತಲೆ ಕೆಟ್ಟಿತು. ಇದು ಯಾವ ಬೇಡ? ನಾನು ಕಲಿಸಿದ ಬೇಡವೋ, ಅವಳ ಅಜ್ಜಿ ಕಲಿಸಿದ ಬೇಡವೋ? ಮೊದಲನೆಯದಾದರೆ ಮತ್ತೆ ಕೇಳುವುದು ಅಧಿಕಪ್ರಸಂಗ. ಎರಡನೆಯದಾದರೆ ಖಾಲಿ ಹಾಸ್ಟೆಲಿನಲ್ಲಿ ಆ ಹುಡುಗಿ ನಾಲ್ಕು ದಿನ ನೂಡಲ್ಸ್ ಬೇಯಿಸಿಕೊಂಡು ಕೂರುತ್ತಾಳೆ. ರೊಟ್ಟಿ ಮಾಡಲೆಂದು ಬೆಲ್‌ರೋಸಿನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ಬೇರೆ ತಂದಿಟ್ಟಿದ್ದೆ. ಎರಡು ದಿನ ಹೋದಲ್ಲಿ ಬಂದಲ್ಲಿ ಅದೇ ಮಾತಾಡಿದೆ. ಕೊನೆಗೆ ಗಂಡ ಪೇಪರಿನಿಂದ ತಲೆ ಎತ್ತಿದರು.

"ಆಕಿ ಬ್ಯಾಡ ಅಂದಾಳಲ್ಲ, ಬಿಡು ಇನ್ನ. ಇದನ್ನ ನೀನ ಅಲ್ಲೇನು ಕಲಿಸಿದ್ದು?"

ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ನಾನು ಮತ್ತೆ ಫೋನ್ ಮಾಡಿದೆ. ಬಾ ಎಂದೆ. ನಿಮಗೆ ತೊಂದರೆ ಎಂದಳು. ಆ 'ತೊಂದರೆ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಜೀವ ಬಂತು. ಬರುವ ಮನಸ್ಸಿಲ್ಲದವರು ಓದುವುದಿದೆ ಎನ್ನುತ್ತಾರೆ, ಮನಸ್ಸಿದ್ದವರು ನಿಮಗೆ ತೊಂದರೆ ಎನ್ನುತ್ತಾರೆ. ಧಾರವಾಡದಲ್ಲಿ ಹುಟ್ಟಿದ ಯಾರಿಗಾದರೂ ಇಷ್ಟು ಗೊತ್ತು. ಆಮೇಲೆ ನಾನು ಕೇಳಲೇ ಇಲ್ಲ. ಗುರುವಾರ ಬೆಳಗ್ಗೆ ಕಾರು ತರುತ್ತೇನೆ, ಕೆಳಗೆ ಬಂದು ನಿಂತಿರು ಎಂದೆ. ಅವಳು ಓಕೆ ಟೀಚರ್ ಎಂದಳು, ತುಂಬ ಸಣ್ಣ ದನಿಯಲ್ಲಿ.

ಗುರುವಾರ ಒಂದು ಚೀಲ ಕಿತ್ತಳೆ ಹಿಡಿದುಕೊಂಡು ನಿಂತಿದ್ದಳು, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಿ. ಇದೆಲ್ಲ ಯಾಕೆ ತಂದೆ ಎಂದು ನಾನು ಬೈದೆ, ಅವಳು ನಕ್ಕಳು. ಅವರಲ್ಲೂ ಹಾಗೆಯೇ ಬೈಯುತ್ತಾರಂತೆ.

ದಾರಿಯಲ್ಲಿ ಅವಳೇ ಹೇಳಿದಳು. ರೂಮ್‌ಮೇಟಿನ ಅಮ್ಮ ಒಮ್ಮೆ ಊಟಕ್ಕೆ ಕರೆದಾಗ ಪಾಠದಲ್ಲಿ ಕಲಿತ ಹಾಗೆ ತಟ್ಟನೆ ಹೂಂ ಅಂದಿದ್ದಳಂತೆ. ಮತ್ತೆ ನನಗೇಕೆ ಬೇಡ ಅಂದೆ ಎಂದು ಕೇಳಿದೆ.

"ಅವರು ಅಮೆರಿಕದವರು. ನೀವು ಟೀಚರ್" ಎಂದಳು. ಆಮೇಲೆ, "ನೀವು ಮತ್ತೆ ಕೇಳುತ್ತೀರೋ ಇಲ್ಲವೋ ಅಂತ ಎರಡು ದಿನ ಫೋನ್ ಕೈಯಲ್ಲೇ ಇಟ್ಟುಕೊಂಡಿದ್ದೆ" ಎಂದಳು.

ನಾನು ಕಾರಿನ ವೇಗ ತಗ್ಗಿಸಿದೆ. ಹೈವೇಯಲ್ಲಿ ಕಣ್ಣು ಮಂಜಾಗುವುದು ಒಳ್ಳೆಯದಲ್ಲ.

ನಾಲ್ಕು ದಿನ ಇದ್ದಳು. ಒಗೆದು ಹಾಸಿದ್ದ ಹಾಸಿಗೆಯಲ್ಲಿ ಒಬ್ಬರು ಮಲಗಿದರು. ಎಣ್ಣೆಗಾಯಿ ಖಾರವಾಗಿ ಮೂಗು ಸುರಿದರೂ ಬಿಡಲಿಲ್ಲ. ರೊಟ್ಟಿ ಹಾಕಲು ಹೋದರೆ ಬೇಡ ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು, ನಾನು ಸಂದಿ ಹುಡುಕಿ ಹಾಕುತ್ತಿದ್ದೆ. ಸಣ್ಣದು, ತಿನ್ನು ಎಂದು ನನ್ನ ಬಾಯಿಂದಲೇ ಬಂತು. ಪಾಪ ಹುಡುಗಿಯನ್ನ ಉಸಿರಾಡ್ಲಿಕ್ಕೆ ಬಿಡು ಎಂದು ಗಂಡ ನಗುತ್ತಿದ್ದರು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಲ್ಯಾಪ್‌ಟಾಪ್ ಮುಂದೆ ಮುಂದಿನ ವಾರದ ಪಾಠ ತಯಾರು ಮಾಡುತ್ತಿದ್ದೆ. ಪಕ್ಕದಿಂದ ಒಂದು ಕೈ ಬಂದು ಹೆಚ್ಚಿದ ಸೇಬಿನ ತಟ್ಟೆ ಇಟ್ಟಿತು. ನಾನು ಅಭ್ಯಾಸದಂತೆ, ಬೇಡಮ್ಮ, ಹೊಟ್ಟೆ ತುಂಬಿದೆ ಎಂದೆ. ಅವಳು ಕೇಳಿಸಿಕೊಳ್ಳದವಳ ಹಾಗೆ ತಟ್ಟೆಯನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿ ಹೋದಳು. ಸಿಪ್ಪೆ ತೆಗೆದು, ಬೀಜ ತೆಗೆದು, ಒಂದೊಂದು ಹೋಳೂ ಒಂದೇ ಅಳತೆ. ನನ್ನ ಬೇಡವನ್ನು ಯಾರೂ ನಂಬದೆ ಎಷ್ಟು ವರ್ಷವಾಗಿತ್ತು. ಕೂತು ಅಷ್ಟೂ ತಿಂದೆ. ಅವ್ವ ಬೇಕು ಎನಿಸಿತು, ಮಗಳು ಬೇಕು ಎನಿಸಿತು, ಯಾರು ಮೊದಲು ಎಂದು ತಿಳಿಯಲಿಲ್ಲ.

ಭಾನುವಾರ ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದೆ. ಮನೆಗೆ ಬಂದವಳೇ, ಕೋಟು ತೆಗೆಯುವ ಮೊದಲೇ, ಮಗಳಿಗೆ ಫೋನ್ ಮಾಡಿದೆ. ಧೈರ್ಯ ಆರಿಹೋಗುವುದರೊಳಗೆ ಮಾತಾಡಿಬಿಡಬೇಕಿತ್ತು. ಕ್ರಿಸ್‌ಮಸ್ ರಜೆಗೆ ಬರ್ತೀಯಾ ಎಂದೆ.

"ಐಯಾಮ್ ಗುಡ್, ಅಮ್ಮ" ಎಂದಳು. ಆಚೆ ಕಡೆ ಪಾತ್ರೆ ತೊಳೆಯುವ ಸದ್ದು.

ಆಯ್ತವಾ ಎನ್ನುವುದು ನನ್ನ ಸರದಿ. ಅನ್ನಲಿಲ್ಲ.

"ಬಾರವಾ" ಎಂದೆ. "ನಾಕ ದಿನ ಇದ್ದು ಹೋಗೀಯಂತ."

ಪಾತ್ರೆಯ ಸದ್ದು ನಿಂತಿತು. ನಲ್ಲಿ ನಿಲ್ಲಿಸಿದ್ದೂ ಕೇಳಿಸಿತು.

"ಅಮ್ಮ, ವೈ ಆರ್ ಯು ಆಸ್ಕಿಂಗ್ ಮಿ ಅಗೇನ್? ಈಸ್ ಅಪ್ಪ ಓಕೆ? ಆರ್ ಯು ಓಕೆ?"

ಅವಳ ದನಿಯಲ್ಲಿದ್ದ ಗಾಬರಿ ನಿಜವಾದದ್ದು. ಎರಡನೇ ಸಲ ಕೇಳುವುದೆಂದರೆ ಅವಳಿಗೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಹೌದು, ಏನೋ ಆಗಿದೆ ಎಂದಿದ್ದರೆ ಅವಳು ಮರುದಿನದ ಮೊದಲ ವಿಮಾನ ಹತ್ತುತ್ತಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೊದಲ ಸಲ ಕೇಳಿದ್ದಕ್ಕೇ ಹೂಂ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

"ಐಯಾಮ್ ಗುಡ್" ಎಂದೆ.

"ಓಕೆ, ಅಮ್ಮ" ಎಂದಳು. ಸಮಾಧಾನವಾಗಿರಬೇಕು, ನಲ್ಲಿ ಮತ್ತೆ ಹರಿಯತೊಡಗಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕಾದೆ. ಅವಳು ಎರಡನೇ ಸಲ ಕೇಳಲಿಲ್ಲ.