ಟೈಲರಮ್ಮನ ಚೀಟಿ

ಸಿರಿ, ಚಿರಾಗ್,

ಮೊನ್ನೆ ನೀವಿಬ್ಬರೂ ಕೇಕಿನ ಮೇಲಿನ ಮೇಣದಬತ್ತಿ ಊದಿದಾಗ ನಾನು ಅಡುಗೆಮನೆಗೆ ಎದ್ದು ಹೋದೆನಲ್ಲ, ಅಜ್ಜಿಗೆ ಮೊಟ್ಟೆ ವಾಸನೆ ಆಗುವುದಿಲ್ಲ ಎಂದು ನಕ್ಕಿರಿ. ಮೊಟ್ಟೆಯಲ್ಲ, ಆರಿದ ಬತ್ತಿಯ ಹೊಗೆ. ಅದರಿಂದ ಟೈಲರಮ್ಮ ನೆನಪಾದರು...

ಅವರು ಯಡಿಯೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಮಗಳು ಜಗಳವಾಡಿಕೊಂಡು ದೂರ ಹೋಗಿದ್ದಳು. ನಿಮ್ಮ ತಾತ ತೀರಿಕೊಂಡ ಮೇಲೆ, ಮನೆಯವರೆಲ್ಲ ಕೆಲಸಕ್ಕೆ ಹೊರಟ ಹೊತ್ತಿನಲ್ಲಿ, ನಾನು ಹೋಗಿ ಕೂರುತ್ತಿದ್ದುದು ಅವರ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ. ನಾನು ಮಾತಿನವಳಲ್ಲ. ಅವರು ಮಾತಾಡುತ್ತಿದ್ದರು, ನಾನು ರವಿಕೆಗಳಿಗೆ ಹುಕ್ಸ್ ಹಾಕಿಕೊಡುತ್ತಿದ್ದೆ.

ಒಂದು ದಿನ ಬಸ್ಸಿನಲ್ಲಿ ಶಿವಾಜಿನಗರದ ಹಳೆಯ ಚರ್ಚಿಗೆ ಕರೆದುಕೊಂಡು ಹೋದರು. ಅಷ್ಟು ಎತ್ತರದ ಚಾವಣಿಯನ್ನು ನಾನು ಕಂಡಿರಲಿಲ್ಲ. ಚಪ್ಪಲಿ ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತೆ.

"ಹಾಕ್ಕೊಳ್ಳಿ ಅಕ್ಕಾ," ಎಂದು ಟೈಲರಮ್ಮ ನಕ್ಕರು. "ಒಳಗೆ ತಾಯಿ ಸೀರೆ ಉಟ್ಕೊಂಡವ್ಳೆ. ಅವಳು ನಿಮ್ಮ ಕಾಲು ನೋಡಲ್ಲ, ರವಿಕೆ ನೋಡ್ತಾಳೆ. ಯಾರು ಹೊಲ್ದಿದ್ದು ಅಂದ್ರೆ ನನ್ನ ಹೆಸ್ರು ಹೇಳಿ."

ನಿಜಕ್ಕೂ ಮೇರಿ ತಾಯಿಗೆ ಸೀರೆ ಉಡಿಸಿದ್ದರು. ಮೇಣದಬತ್ತಿ ಹಚ್ಚಿದ ಮೇಲೆ ಟೈಲರಮ್ಮ ನನ್ನ ಕೈಗೆ ಚೀಟಿ, ಪೆನ್ನು ಕೊಟ್ಟರು. ಬೇಡಿಕೆ ಬರೆದು ಅಲ್ಲಿದ್ದ ಪೆಟ್ಟಿಗೆಗೆ ಹಾಕಬೇಕಂತೆ.

"ನಂಗೆ ಅಳತೆ ಬರೆಯೋದು ಬಿಟ್ರೆ ಅಕ್ಷರ ಬರಲ್ಲ. ನೀವು ಸ್ಕೂಲ್ ಕಲ್ತೋರು, ಬರೀರಿ ಅಕ್ಕಾ. ಮಗಳು ಕೋಪ ಬಿಟ್ಟು ಬಂದು ನನ್ನ ಕರ್ಕೊಂಡು ಹೋಗ್ಲಿ. ಅಷ್ಟೇ."

ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದ ನನ್ನನ್ನು ಒಬ್ಬರು ಬರೆದುಕೊಡಿ ಎಂದು ಕೇಳಿದ್ದು ಅದೇ ಮೊದಲು. ಬರೆಯಲು ಹೋದೆ... ಮಿಷನ್ ಸದ್ದಿಲ್ಲದ ಆ ಮನೆ ಕಣ್ಣ ಮುಂದೆ ಬಂತು. 'ಇವರು ನನ್ನ ಪಕ್ಕದ ಮನೆಯಲ್ಲೇ ಇರಲಿ' ಎಂದು ಬರೆದುಬಿಟ್ಟೆ.

ಅವರು ಚೀಟಿಗೆ ಮುತ್ತಿಟ್ಟು ಪೆಟ್ಟಿಗೆಗೆ ಹಾಕಿದರು.

ನಾಲ್ಕು ವರ್ಷ ಅವರು ನನ್ನ ಪಕ್ಕದಲ್ಲೇ ಇದ್ದರು. ಗೇಟು ಸದ್ದಾದಾಗಲೆಲ್ಲ ಮಿಷನ್ ನಿಲ್ಲಿಸಿ ತಲೆ ಎತ್ತುತ್ತಿದ್ದರು. ನಾನು ತಲೆ ತಗ್ಗಿಸಿ ಹುಕ್ಸ್ ಹಾಕುತ್ತಿದ್ದೆ. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿಯವರೆಗೆ ಬಂತು... ಕೊನೆಗೆ ಮಗಳು ಬಂದದ್ದು ಅವರ ಮಣ್ಣಿಗೆ.

ಚೀಟಿಯಿಂದಲೇ ಹಾಗಾಯಿತೆಂದು ನಾನು ಹೇಳುವುದಿಲ್ಲ. ಆದರೂ ನಿನ್ನೆ ಒಬ್ಬಳೇ ಬಸ್ಸು ಹತ್ತಿ ಆ ಚರ್ಚಿಗೆ ಹೋದೆ. ಚೀಟಿ ಹಿಡಿದು ಬಹಳ ಹೊತ್ತು ಬೆಂಚಿನ ಮೇಲೆ ಕೂತೆ. ಈಗ ಏನೆಂದು ಬರೆಯಲಿ? ಖಾಲಿ ಚೀಟಿಯನ್ನೇ ಮಡಚಿಕೊಂಡು ಮನೆಗೆ ಬಂದೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಟೈಲರಮ್ಮ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ನಾನು ಬರೆದಿರುವುದು ಇದರಲ್ಲಿ ಮಾತ್ರ.